ಕ್ಯಾಲಿಫೋರ್ನಿಯಾದ ಪ್ರಾಪ್‌ಗಳಿಗೆ ಮತ ಹಾಕುವುದು ಹೇಗೆ: ಕನ್ನಡಿಗ ಮತದಾರರಿಗೆ ಸಮಗ್ರ ಮಾರ್ಗದರ್ಶಿ

ಕರ್ನಾಟಕದಲ್ಲಿ ಮತ ಹಾಕಿ ಅಭ್ಯಾಸವಾದವರಿಗೆ ಚುನಾವಣೆ ಎಂದರೆ ಅಭ್ಯರ್ಥಿ, ಪಕ್ಷ, ಚಿಹ್ನೆ. ಶಾಸಕರನ್ನು ಆರಿಸಿ ಕಳಿಸುತ್ತೇವೆ. ಕಾನೂನು ಮಾಡುವ ಹೊಣೆ ವಿಧಾನಸೌಧದ್ದು. ಅಮೆರಿಕದ ಪೌರತ್ವ ಪಡೆದು ಕ್ಯಾಲಿಫೋರ್ನಿಯಾದಲ್ಲಿ ಮೊದಲ ಸಲ ಮತಪತ್ರ ಬಿಡಿಸಿದವರು ಕಂಗೆಡುವುದು ಅಭ್ಯರ್ಥಿಗಳ ಹೆಸರುಗಳೆಲ್ಲ ಮುಗಿದ ಮೇಲೆ. ಅಲ್ಲಿಂದ ಪ್ರೊಪೊಸಿಷನ್‌ಗಳು, ಅಂದರೆ ಜನರೇ ‘ಹೌದು’ ಅಥವಾ ‘ಇಲ್ಲ’ ಎಂದು ತೀರ್ಮಾನಿಸುವ ಕಾನೂನಿನ ಪ್ರಸ್ತಾವಗಳು ಶುರುವಾಗುತ್ತವೆ. ಎಲ್ಲರ ಬಾಯಲ್ಲೂ ಅವು ‘ಪ್ರಾಪ್’. 2024ರ ನವೆಂಬರ್‌ನಲ್ಲಿ ರಾಜ್ಯಮಟ್ಟದಲ್ಲೇ ಇಂಥ ಹತ್ತು ಪ್ರಾಪ್‌ಗಳಿದ್ದವು: ಬಾಡಿಗೆ ನಿಯಂತ್ರಣ, ಕನಿಷ್ಠ ವೇತನ, ಕಳ್ಳತನದ ಶಿಕ್ಷೆ, ಮದುವೆಯ ಹಕ್ಕು, ಶಾಲಾ ಕಟ್ಟಡಗಳ ಸಾಲ. ಇವುಗಳ ಕೆಳಗೆ ನಗರ, ಕೌಂಟಿ, ಶಾಲಾ ಜಿಲ್ಲೆಗಳ ಮೆಷರ್‌ಗಳು, ಅಂದರೆ ಸ್ಥಳೀಯ ಪ್ರಸ್ತಾವಗಳು ಬೇರೆ.

ಇಲ್ಲಿ ಎರಡು ದಾರಿ ಹಿಡಿಯುವವರೇ ಹೆಚ್ಚು. ಕೆಲವರು ಖಾಲಿ ಬಿಡುತ್ತಾರೆ, ಕೆಲವರು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಪಟ್ಟಿಯನ್ನು ಹಾಗೆಯೇ ಇಳಿಸುತ್ತಾರೆ. ಎರಡೂ ನನಗೆ ಸಂಕಟದ ವಿಷಯ. ಪ್ರಾಪ್‌ನ ಮಟ್ಟಿಗೆ ಮತದಾರನೇ ಶಾಸಕ. ಅವನ ಮುಂದಿರುವುದು ಒಂದು ಅಭಿಪ್ರಾಯ ಸಮೀಕ್ಷೆಯೆಂದು ಭಾವಿಸಿ ‘ಒಳ್ಳೆಯ ವಿಚಾರ, ಹೌದು’ ಎಂದುಬಿಟ್ಟರೆ, ಮುಂದೆ ದಶಕಗಳ ಕಾಲ ಯಾರೂ ಸುಲಭವಾಗಿ ತಿದ್ದಲಾಗದ ಕಾನೂನೊಂದಕ್ಕೆ ಸಹಿ ಹಾಕಿದಂತಾಗಬಹುದು. ಹಾಗಾಗಿ ಈ ಬರಹದುದ್ದಕ್ಕೂ ಒಂದೇ ನಿಯಮವನ್ನು ಮತ್ತೆ ಮತ್ತೆ ಹೇಳುತ್ತೇನೆ: ‘ಹೌದು’ ಗೆದ್ದರೆ ಏನಾಗುತ್ತದೆ ಎಂದು ಕೇಳುವ ಮೊದಲು ‘ಇಲ್ಲ’ ಗೆದ್ದರೆ ಏನು ಉಳಿಯುತ್ತದೆ ಎಂದು ಕೇಳಿ.

ಈ ಪದ್ಧತಿ ಎಲ್ಲಿಂದ ಬಂತು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸದರ್ನ್ ಪೆಸಿಫಿಕ್ ರೈಲ್ವೆ ಕಂಪನಿ ಕ್ಯಾಲಿಫೋರ್ನಿಯಾದ ಶಾಸನಸಭೆಯನ್ನು ಮುಷ್ಟಿಯಲ್ಲಿ ಇಟ್ಟುಕೊಂಡಿತ್ತು. ಆ ಹಿಡಿತವನ್ನು ಮುರಿಯುತ್ತೇನೆಂದು ಗವರ್ನರ್ ಆದ ಹೈರಮ್ ಜಾನ್ಸನ್, ಕಾನೂನು ಮಾಡುವ ಅಧಿಕಾರದ ಒಂದು ಪಾಲನ್ನು ನೇರವಾಗಿ ಜನರಿಗೇ ಕೊಡಿಸಿದರು. 1911ರ ಅಕ್ಟೋಬರ್ 10ರ ವಿಶೇಷ ಚುನಾವಣೆಯಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಅದೇ ದಿನ, ಅದೇ ಮತಪತ್ರದಲ್ಲಿ, ರಾಜ್ಯದ ಮಹಿಳೆಯರಿಗೆ ಮತದಾನದ ಹಕ್ಕು ಕೊಡುವ ತಿದ್ದುಪಡಿಯೂ 3,587 ಮತಗಳ ಅಂತರದಲ್ಲಿ ಗೆದ್ದಿತು. ಒಂದೊಂದು ಮತದ ತೂಕ ಎಷ್ಟು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ನಮ್ಮ ಕಡೆ ಇದಕ್ಕೆ ಹತ್ತಿರದ್ದು ಹುಡುಕಿದರೆ ಪಕ್ಕದ ಗೋವಾದಲ್ಲಿದೆ. ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೇ, ಕೇಂದ್ರಾಡಳಿತ ಪ್ರದೇಶವಾಗಿ ಉಳಿಯಬೇಕೇ ಎಂಬ ಪ್ರಶ್ನೆಯನ್ನು 1967ರ ಜನವರಿ 16ರಂದು ಜನರ ಮುಂದೆಯೇ ಇಡಲಾಯಿತು. ವಿಲೀನಕ್ಕೆ ಹೂವಿನ ಗುರುತು, ಉಳಿಯುವುದಕ್ಕೆ ಎರಡೆಲೆಯ ಗುರುತು. ಎರಡೆಲೆ ಗೆದ್ದಿತು. ಭಾರತದಲ್ಲಿ ಅದು ಅಪರೂಪದ ಸಂದರ್ಭ. ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷಕ್ಕೊಮ್ಮೆಯಾದರೂ ಬರುವ ಕೆಲಸ.

ಮೊದಲು ಅರ್ಹತೆ

ಅಮೆರಿಕದ ಪೌರರಿಗೆ ಮಾತ್ರ ಈ ಮತ. ಗ್ರೀನ್ ಕಾರ್ಡ್ ಇರುವವರು, ಎಚ್-1ಬಿ ವೀಸಾದವರು ನೋಂದಾಯಿಸಿಕೊಳ್ಳಲೇಬಾರದು. ವಾಹನ ಪರವಾನಗಿಯ ಅರ್ಜಿ ತುಂಬುವಾಗ ಮತದಾರರ ನೋಂದಣಿಯ ಪ್ರಶ್ನೆಯೂ ಬರುತ್ತದೆ. ಅಲ್ಲಿ ಗಮನವಿಟ್ಟು ಉತ್ತರಿಸಿ. ಪೌರರಲ್ಲದವರು ಮತ ಹಾಕಿದರೆ ಗಡೀಪಾರಿನವರೆಗೂ ಹೋಗಬಹುದು. ದಿನಸಿ ಅಂಗಡಿಯ ಎದುರು ಮೇಜು ಹಾಕಿ ಪ್ರಾಪ್‌ಗಳಿಗೆ ಸಹಿ ಸಂಗ್ರಹಿಸುವವರು ಕರೆದಾಗಲೂ ಇದೇ ಎಚ್ಚರ ಬೇಕು: ನೋಂದಾಯಿತ ಮತದಾರರು ಮಾತ್ರ ಸಹಿ ಮಾಡಬಹುದು. ಸಹಿ ಸಂಗ್ರಹಿಸುವವರಲ್ಲಿ ಅನೇಕರಿಗೆ ಸಹಿಗೆ ಇಷ್ಟೆಂದು ಹಣ ಸಿಗುತ್ತದೆ, ಆದ್ದರಿಂದ ಅವರು ಬಾಯಲ್ಲಿ ಹೇಳುವ ಸಾರಾಂಶವನ್ನು ನಂಬದೆ ಕಾಗದವನ್ನು ಓದಿ.

ಹಂತ 1: ಯಾವ ಬಗೆಯ ಪ್ರಾಪ್ ಎಂದು ಗುರುತಿಸಿ

ಪ್ರಾಪ್‌ಗಳೆಲ್ಲ ಒಂದೇ ಜಾತಿಯವಲ್ಲ. ಶೀರ್ಷಿಕೆಯ ಬಳಿಯೇ ಬಗೆ ಬರೆದಿರುತ್ತದೆ.

ಜನರ ಸಹಿಗಳಿಂದ ಬಂದ ಸಾಮಾನ್ಯ ಕಾನೂನು ಒಂದು ಬಗೆ. ಹಿಂದಿನ ಗವರ್ನರ್ ಚುನಾವಣೆಯಲ್ಲಿ ಬಿದ್ದ ಮತಗಳ ಶೇ. 5ರಷ್ಟು ಸಹಿ ಇದಕ್ಕೆ ಸಾಕು. 2024ಕ್ಕೆ ಆ ಸಂಖ್ಯೆ 5,46,651 ಇತ್ತು. ರಾಜ್ಯದ ಸಂವಿಧಾನವನ್ನೇ ತಿದ್ದುವಂಥದ್ದಾದರೆ ಶೇ. 8, ಅಂದರೆ 8,74,641. ಸಹಿ ಸಂಗ್ರಹಕ್ಕೆ ಇರುವ ಗಡುವು 180 ದಿನ. ಶಾಸನಸಭೆಯೇ ಜನರ ಮುಂದಿಡುವ ಪ್ರಾಪ್‌ಗಳೂ ಇವೆ. ಸಂವಿಧಾನ ತಿದ್ದುಪಡಿಯಾದರೆ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ ಸಿಕ್ಕಿಯೇ ಅವು ನಿಮ್ಮ ತನಕ ಬಂದಿರುತ್ತವೆ. ಎಲ್ಲಿಂದ ಬಂದರೂ, ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಪ್ರಾಪ್ ಗೆಲ್ಲಲು ಅರ್ಧಕ್ಕಿಂತ ಒಂದು ಮತ ಹೆಚ್ಚಿದ್ದರೆ ಸಾಕು. ಸಂವಿಧಾನವನ್ನೂ ಅಷ್ಟರಿಂದಲೇ ತಿದ್ದಬಹುದು.

ಎಡವುವುದು ಮೂರನೆಯ ಬಗೆಯಲ್ಲಿ. ಅದಕ್ಕೆ ರೆಫರೆಂಡಮ್ ಎನ್ನುತ್ತಾರೆ. ಶಾಸನಸಭೆ ಒಂದು ಕಾನೂನು ಮಾಡಿರುತ್ತದೆ, ಗವರ್ನರ್ ಸಹಿಯೂ ಆಗಿರುತ್ತದೆ. ಅದು ಬೇಡವಾದವರು ಸಹಿ ಸಂಗ್ರಹಿಸಿ ತಡೆ ಹಿಡಿಸುತ್ತಾರೆ. ಮತಪತ್ರದಲ್ಲಿ ಬರುವ ಪ್ರಶ್ನೆ ‘ಆ ಕಾನೂನು ಇರಲಿ ಎನ್ನುತ್ತೀರಾ?’ ಎಂಬುದು. ಅಂದರೆ ಸಹಿ ಸಂಗ್ರಹಿಸಿ ಪ್ರಾಪ್ ತಂದವರೇ ‘ಇಲ್ಲ’ಕ್ಕೆ ಪ್ರಚಾರ ಮಾಡುತ್ತಾರೆ. ಸುವಾಸನೆ ಬೆರೆಸಿದ ತಂಬಾಕಿನ ಮಾರಾಟವನ್ನು ನಿಷೇಧಿಸುವ ಕಾನೂನಿಗೆ 2020ರಲ್ಲಿ ಗವರ್ನರ್ ಸಹಿ ಹಾಕಿದರು. ತಂಬಾಕು ಕಂಪನಿಗಳು ಸಹಿ ಸಂಗ್ರಹಿಸಿ ಅದನ್ನು ಜನರ ಮುಂದೆ ತಂದವು. 2022ರ ಪ್ರಾಪ್ 31 ಅದೇ. ನಿಷೇಧ ಬೇಕೆನ್ನುವವರು ‘ಹೌದು’ ಎನ್ನಬೇಕಿತ್ತು. ಜನ ಶೇ. 63ರಷ್ಟು ಮತದಿಂದ ‘ಹೌದು’ ಎಂದರು, ನಿಷೇಧ ಉಳಿಯಿತು. ಆದರೆ ನಡುವಿನ ಎರಡು ವರ್ಷ ಮಾರಾಟ ನಡೆದೇ ಇತ್ತು. ಸೋತರೂ ಎರಡು ವರ್ಷದ ವ್ಯಾಪಾರ ಉಳಿಯಿತು ಎಂಬ ಲೆಕ್ಕವನ್ನು ಮತದಾರರು ಗಮನದಲ್ಲಿಡಬೇಕು. 2020ರ ಪ್ರಾಪ್ 25 ಕೂಡ ಇದೇ ಬಗೆ. ಹಣ ಕಟ್ಟಿ ಜಾಮೀನು ಪಡೆಯುವ ಪದ್ಧತಿಯನ್ನು ತೆಗೆಯುವ ಕಾನೂನು ಅದು. ‘ಇಲ್ಲ’ ಗೆದ್ದದ್ದರಿಂದ ಹಳೆಯ ಪದ್ಧತಿಯೇ ಮುಂದುವರಿಯಿತು.

ಸಂಖ್ಯೆಯ ವಿಷಯದಲ್ಲಿಯೂ ಒಂದು ಎಚ್ಚರ. ಪ್ರಾಪ್ ಸಂಖ್ಯೆಗಳು ಮರುಬಳಕೆಯಾಗುತ್ತವೆ. 2000ದ ಪ್ರಾಪ್ 36 ಮಾದಕ ವ್ಯಸನಿಗಳಿಗೆ ಜೈಲಿನ ಬದಲು ಚಿಕಿತ್ಸೆ ಕೊಡಿಸುವುದಾಗಿತ್ತು. 2012ರ ಪ್ರಾಪ್ 36 ಮೂರನೇ ಅಪರಾಧಕ್ಕೆ ಜೀವಾವಧಿ ಎಂಬ ಕಾನೂನನ್ನು ಸಡಿಲಿಸಿತು. 2024ರ ಪ್ರಾಪ್ 36 ಕಳ್ಳತನ, ಮಾದಕ ವಸ್ತುಗಳ ಶಿಕ್ಷೆಯನ್ನು ಬಿಗಿ ಮಾಡಿತು. ಹುಡುಕುವಾಗ, ಚರ್ಚಿಸುವಾಗ ಸಂಖ್ಯೆಯ ಜೊತೆ ವರ್ಷವನ್ನೂ ಹೇಳದಿದ್ದರೆ ತಲೆಕೆಳಗಾದ ಮಾಹಿತಿ ಕೈಗೆ ಸಿಗುತ್ತದೆ.

ಹಂತ 2: ಇಂದಿನ ಕಾನೂನನ್ನು ಒಂದು ಸಾಲಿನಲ್ಲಿ ಬರೆಯಿರಿ

ಇದೇ ಮುಖ್ಯ ಹಂತ, ಇಲ್ಲಿ ಹೆಚ್ಚು ಹೊತ್ತು ಕಳೆಯಿರಿ. ಒಂದು ಹಾಳೆಯಲ್ಲಿ ಪ್ರತಿ ಪ್ರಾಪ್‌ಗೂ ಮೂರು ಸಾಲು ಬಿಡಿ: ಇಂದು ಏನಿದೆ, ‘ಹೌದು’ ಗೆದ್ದರೆ ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ. ಮೂರನೆಯ ಸಾಲನ್ನು ಬಿಡಬೇಡಿ. ಗೊಂದಲಗಳಲ್ಲಿ ಹೆಚ್ಚಿನವು ಕರಗುವುದು ಅಲ್ಲಿಯೇ.

2024ರ ಪ್ರಾಪ್ 33 ಅನ್ನು ತೆಗೆದುಕೊಳ್ಳಿ. ‘ಬಾಡಿಗೆ ನಿಯಂತ್ರಣದ ಪ್ರಾಪ್’ ಎಂದೇ ಎಲ್ಲರೂ ಕರೆದರು. ಮನೆ ಬಾಡಿಗೆಗೆ ಕೊಟ್ಟಿದ್ದ ಕನ್ನಡಿಗರು ಮರುದಿನವೇ ಬಾಡಿಗೆ ಏರಿಸಲಾಗುವುದಿಲ್ಲ ಎಂದುಕೊಂಡರೆ, ಬಾಡಿಗೆಗೆ ಇದ್ದವರು ಮರುದಿನವೇ ನೆಮ್ಮದಿ ಎಂದುಕೊಂಡರು. ಹಾಳೆಯ ಮೇಲೆ ಬರೆದರೆ ಚಿತ್ರ ಬೇರೆ.

ಇಂದು ಏನಿದೆ? 1995ರ ಕೋಸ್ಟಾ-ಹಾಕಿನ್ಸ್ ಕಾನೂನಿನ ಪ್ರಕಾರ, ನಗರಗಳು ಒಂಟಿ ಮನೆಗಳ ಮೇಲೆ, 1995ರ ಫೆಬ್ರವರಿ 1ರ ನಂತರ ಕಟ್ಟಿದ ಅಪಾರ್ಟ್‌ಮೆಂಟ್‌ಗಳ ಮೇಲೆ ಬಾಡಿಗೆ ನಿಯಂತ್ರಣ ಹೇರುವಂತಿಲ್ಲ. ಬಾಡಿಗೆದಾರ ಖಾಲಿ ಮಾಡಿದ ಮೇಲೆ ಮಾಲೀಕ ಹೊಸ ಬಾಡಿಗೆಯನ್ನು ತಾನೇ ನಿಗದಿ ಮಾಡಬಹುದು. ಇದರ ಜೊತೆಗೆ 2019ರ ಇನ್ನೊಂದು ರಾಜ್ಯ ಕಾನೂನು ಅನೇಕ ಮನೆಗಳ ವಾರ್ಷಿಕ ಏರಿಕೆಗೆ ಶೇ. 5 ಮತ್ತು ಹಣದುಬ್ಬರ, ಒಟ್ಟು ಶೇ. 10 ಮೀರದಂತೆ ಮಿತಿ ಹಾಕಿದೆ.

‘ಹೌದು’ ಗೆದ್ದರೆ? ಕೋಸ್ಟಾ-ಹಾಕಿನ್ಸ್ ರದ್ದು. ನಗರಗಳ ಕೈ ಕಟ್ಟಿದ್ದು ಬಿಚ್ಚುತ್ತದೆ.

ಏನು ಬದಲಾಗುವುದಿಲ್ಲ? ಬಹುತೇಕ ಊರುಗಳಲ್ಲಿ ಯಾವ ಮನೆಯ ಬಾಡಿಗೆಯೂ ಪ್ರಾಪ್‌ನಿಂದಲೇ ನಿಲ್ಲುವುದಿಲ್ಲ. ಸನಿವೇಲ್ ಆಗಲಿ ಫ್ರೀಮಾಂಟ್ ಆಗಲಿ, ಅಲ್ಲಿನ ನಗರಸಭೆ ಹೊಸ ನಿಯಮ ಮಾಡಿದರೆ ಮಾತ್ರ ಬದಲಾವಣೆ.

ಈಗ ನಿಜವಾದ ಪ್ರಶ್ನೆ ಎದುರಿಗೆ ಬಂತು: ಬಾಡಿಗೆಯ ವಿಚಾರದಲ್ಲಿ ನಿಮ್ಮ ನಗರಸಭೆಗೆ ಸ್ವಾತಂತ್ರ್ಯ ಕೊಡಬೇಕೋ, ರಾಜ್ಯದ ಮಿತಿ ಇರಬೇಕೋ? ಇದಕ್ಕೆ ಪ್ರಾಮಾಣಿಕವಾಗಿ ಎರಡೂ ಉತ್ತರ ಸಾಧ್ಯ. ಆದರೆ ‘ಬಾಡಿಗೆ ಕಡಿಮೆಯಾಗಬೇಕೇ?’ ಎಂಬ ಪ್ರಶ್ನೆಗಿಂತ ಇದು ಬೇರೆಯೇ ಪ್ರಶ್ನೆ. ಪ್ರಾಪ್ 33 ಸುಮಾರು ಶೇ. 60ರಷ್ಟು ‘ಇಲ್ಲ’ ಮತಗಳಿಂದ ಬಿದ್ದಿತು. 2018ರ ಪ್ರಾಪ್ 10, 2020ರ ಪ್ರಾಪ್ 21 ಕೂಡ ಹೀಗೆಯೇ ಬಿದ್ದಿದ್ದವು.

ಹಂತ 3: ವೋಟರ್ ಗೈಡ್ ಅನ್ನು ಹಿಂದುಮುಂದಾಗಿ ಓದಿ

ರಾಜ್ಯದ ಚುನಾವಣೆಗಳನ್ನು ನೋಡಿಕೊಳ್ಳುವ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ ಮತದಾರರ ಮನೆ ಮನೆಗೂ ವೋಟರ್ ಗೈಡ್ ಎಂಬ ಪುಸ್ತಕ ಕಳಿಸುತ್ತದೆ. ಅದು ಬಂದ ದಿನವೇ ಕಸದ ಬುಟ್ಟಿಗೆ ಹೋಗುವುದನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ, ಏಕೆಂದರೆ ಇಷ್ಟು ವ್ಯವಸ್ಥಿತವಾದ ಮಾಹಿತಿ ಮತದಾರನಿಗೆ ಉಚಿತವಾಗಿ ಸಿಗುವ ಜಾಗಗಳು ಜಗತ್ತಿನಲ್ಲಿ ಹೆಚ್ಚಿಲ್ಲ. ಪ್ರತಿ ಪ್ರಾಪ್‌ಗೂ ಅಟಾರ್ನಿ ಜನರಲ್ (ರಾಜ್ಯದ ಉನ್ನತ ಕಾನೂನು ಅಧಿಕಾರಿ) ಬರೆದ ಶೀರ್ಷಿಕೆ ಮತ್ತು ಸಾರಾಂಶ, ಶಾಸನಸಭೆಗೆ ಸಲಹೆ ಕೊಡುವ ಲೆಜಿಸ್ಲೇಟಿವ್ ಅನಲಿಸ್ಟ್ ಕಚೇರಿಯ ವಿಶ್ಲೇಷಣೆ, ಪರ-ವಿರೋಧ ವಾದಗಳು, ಅವುಗಳಿಗೆ ಮರುತ್ತರ, ಕೊನೆಯಲ್ಲಿ ಕಾನೂನಿನ ಪೂರ್ಣ ಪಠ್ಯ ಇರುತ್ತವೆ.

ನನ್ನ ಸಲಹೆ: ಶುರುವಿಗೇ ಅನಲಿಸ್ಟ್‌ನ ವಿಶ್ಲೇಷಣೆ. ಆ ಕಚೇರಿ ಯಾವ ಪಕ್ಷಕ್ಕೂ ಸೇರಿದ್ದಲ್ಲ. ‘ಹಿನ್ನೆಲೆ’ ಎಂಬ ಭಾಗದಲ್ಲಿ ಇಂದಿನ ಕಾನೂನು ಸರಳವಾಗಿ ಇರುತ್ತದೆ. ನಿಮ್ಮ ಹಾಳೆಯ ಮೊದಲ ಸಾಲು ಅಲ್ಲಿಂದಲೇ ಸಿಗುತ್ತದೆ. ಆಮೇಲೆ ಪೂರ್ಣ ಪಠ್ಯ. ಅದರ ನಂತರವೇ ವಾದಗಳು. ಶೀರ್ಷಿಕೆಯನ್ನು ಕೊನೆಗೆ ಬಿಡಿ.

ಶೀರ್ಷಿಕೆಗೆ ಏಕೆ ಕೊನೆಯ ಸ್ಥಾನ? ಅಟಾರ್ನಿ ಜನರಲ್ ಪಕ್ಷದಿಂದ ಚುನಾಯಿತರಾದ ರಾಜಕಾರಣಿ, ಶೀರ್ಷಿಕೆಯ ಒಂದೊಂದು ಪದವೂ ಮತ ತಿರುಗಿಸಬಲ್ಲದು. 2017ರಲ್ಲಿ ಶಾಸನಸಭೆ ಪೆಟ್ರೋಲಿನ ಮೇಲೆ ಗ್ಯಾಲನ್‌ಗೆ 12 ಸೆಂಟ್ ತೆರಿಗೆ ಏರಿಸಿತ್ತು. ಅದನ್ನು ರದ್ದು ಮಾಡಲು 2018ರಲ್ಲಿ ಪ್ರಾಪ್ 6 ಬಂತು. ಅದರ ಶೀರ್ಷಿಕೆ ಶುರುವಾಗುತ್ತಿದ್ದದ್ದು ‘ರಸ್ತೆ ದುರಸ್ತಿ ಮತ್ತು ಸಾರಿಗೆಯ ಕೆಲವು ಹಣಕಾಸನ್ನು ತೆಗೆದುಹಾಕುತ್ತದೆ’ ಎಂದು. ತೆರಿಗೆ ಇಳಿಯುತ್ತದೆ ಎಂಬುದು ಮೊದಲ ಸಾಲಿನಲ್ಲಿ ಇರಲಿಲ್ಲ. ಬರೆದದ್ದು ಸುಳ್ಳಲ್ಲ, ಆ ತೆರಿಗೆಯ ಹಣ ರಸ್ತೆಗೇ ಹೋಗುತ್ತಿತ್ತು. ಆದರೆ ಅದೇ ಪ್ರಾಪ್‌ಗೆ ಬೇರೆ ಶೀರ್ಷಿಕೆ ಕೊಟ್ಟಿದ್ದರೆ ಓದುಗನ ಮನಸ್ಸು ಬೇರೆ ಕಡೆಯಿಂದ ಹೊರಡುತ್ತಿತ್ತು. ಪ್ರಾಪ್ 6 ಸೋತಿತು.

ಪೂರ್ಣ ಪಠ್ಯ ಎಂದ ಕೂಡಲೇ ಹೆದರಬೇಡಿ. ತೆಗೆಯುವ ಪದಗಳ ಮೇಲೆ ಅಡ್ಡಗೆರೆ ಇರುತ್ತದೆ, ಸೇರಿಸುವ ಪದಗಳು ಓರೆ ಅಕ್ಷರದಲ್ಲಿ ಇರುತ್ತವೆ. ಎರಡು ವಿಷಯಗಳನ್ನಷ್ಟೇ ಹುಡುಕಿ.

ಒಂದು, ಈ ಕಾನೂನು ಯಾರಿಗೆ ಅನ್ವಯ ಎಂಬ ವ್ಯಾಖ್ಯಾನ. 2024ರ ಪ್ರಾಪ್ 34 ನೋಡಿ. ಔಷಧ ಯೋಜನೆಯೊಂದರಿಂದ ಬರುವ ಆದಾಯದ ಶೇ. 98 ಅನ್ನು ಕೆಲವು ಆರೋಗ್ಯ ಸಂಸ್ಥೆಗಳು ರೋಗಿಗಳ ಆರೈಕೆಗೇ ಖರ್ಚು ಮಾಡಬೇಕು ಎನ್ನುತ್ತಿತ್ತು. ಯಾರು ಬೇಡ ಎನ್ನುತ್ತಾರೆ? ಆದರೆ ಆ ‘ಕೆಲವು ಸಂಸ್ಥೆಗಳು’ ಯಾವುವು ಎಂದು ಪಠ್ಯದಲ್ಲಿ ಹುಡುಕಿದರೆ ಷರತ್ತು ಸಿಗುತ್ತಿತ್ತು: ಹತ್ತು ವರ್ಷಗಳಲ್ಲಿ 10 ಕೋಟಿ ಡಾಲರಿಗಿಂತ ಹೆಚ್ಚು ಹಣವನ್ನು ನೇರ ಆರೈಕೆಯಲ್ಲದ ಕೆಲಸಕ್ಕೆ ಖರ್ಚು ಮಾಡಿರಬೇಕು, ಜೊತೆಗೆ ಕನಿಷ್ಠ 500 ಗಂಭೀರ ಆರೋಗ್ಯ-ಸುರಕ್ಷತಾ ಉಲ್ಲಂಘನೆಗಳಿರುವ ವಸತಿ ಕಟ್ಟಡಗಳನ್ನು ನಡೆಸುತ್ತಿರಬೇಕು. ಔಷಧ ಕೊಡುವ ಸಂಸ್ಥೆಗೆ ವಸತಿ ಕಟ್ಟಡದ ಷರತ್ತು ಏಕೆ ಬಂತು? ಏಕೆಂದರೆ ಗುರಿ ಏಡ್ಸ್ ಹೆಲ್ತ್‌ಕೇರ್ ಫೌಂಡೇಶನ್ ಎಂಬ ಒಂದೇ ಸಂಸ್ಥೆ. ಬಾಡಿಗೆ ನಿಯಂತ್ರಣದ ಮೂರೂ ಪ್ರಾಪ್‌ಗಳಿಗೆ ಹಣ ಹಾಕಿದ್ದು ಅದೇ ಸಂಸ್ಥೆ. ಪ್ರಾಪ್ 34ಕ್ಕೆ ಹಣ ಹಾಕಿದ್ದು ಅಪಾರ್ಟ್‌ಮೆಂಟ್ ಮಾಲೀಕರ ಸಂಘ. ಅದು ಶೇ. 51ರ ಹತ್ತಿರದ ಮತದಿಂದ, ಕೂದಲೆಳೆಯಲ್ಲಿ ಗೆದ್ದಿತು. ಆ ಸಂಸ್ಥೆಯ ಖರ್ಚು ಸರಿಯಿರಲಿಲ್ಲ ಎಂದು ತಿಳಿದೇ ‘ಹೌದು’ ಎಂದವರ ಮೇಲೆ ನನ್ನ ತಕರಾರಿಲ್ಲ. ಆದರೆ ಒಂದು ಸಂಸ್ಥೆಯ ಬಾಯಿ ಮುಚ್ಚಿಸಲು ರಾಜ್ಯದ ಕಾನೂನನ್ನೇ ಬಳಸಬಹುದು ಎಂಬುದು ತಿಳಿಯದೆ ಮತ ಹಾಕಿದವರು ಎಷ್ಟು ಮಂದಿಯೋ ಎಂದು ಯೋಚಿಸಿದರೆ ಕಳವಳವಾಗುತ್ತದೆ.

ಎರಡು, ತಿದ್ದುಪಡಿಯ ನಿಯಮ. ಸಾಮಾನ್ಯವಾಗಿ ಪಠ್ಯದ ಕೊನೆಯಲ್ಲಿರುತ್ತದೆ. ಜನರು ಪ್ರಾಪ್ ಮೂಲಕ ಮಾಡಿದ ಕಾನೂನನ್ನು ಕ್ಯಾಲಿಫೋರ್ನಿಯಾದ ಶಾಸನಸಭೆ ತನ್ನಷ್ಟಕ್ಕೆ ಬದಲಿಸುವಂತಿಲ್ಲ. ಆ ಪ್ರಾಪ್‌ನಲ್ಲೇ ಅವಕಾಶ ಕೊಟ್ಟಿದ್ದರೆ ಸರಿ, ಇಲ್ಲವಾದರೆ ಮತ್ತೆ ಜನರ ಮುಂದೆ ಬರಬೇಕು. ಊಬರ್, ಲಿಫ್ಟ್‌ನಂಥ ಕಂಪನಿಗಳ ಚಾಲಕರನ್ನು ಉದ್ಯೋಗಿಗಳಲ್ಲ, ಸ್ವತಂತ್ರ ಗುತ್ತಿಗೆದಾರರು ಎಂದು ಘೋಷಿಸಿದ 2020ರ ಪ್ರಾಪ್ 22ರಲ್ಲಿ, ಶಾಸನಸಭೆ ತಿದ್ದಬೇಕಾದರೆ ಎಂಟರಲ್ಲಿ ಏಳರಷ್ಟು ಬಹುಮತ ಬೇಕು ಎಂದು ಬರೆದಿತ್ತು. ಅಷ್ಟು ಬಹುಮತ ಎಂದರೆ ಬಾಗಿಲಿಗೆ ಬೀಗ ಹಾಕಿದಂತೆಯೇ. ಪ್ರಾಪ್‌ನ ಆಶಯ ಇಷ್ಟವಾದರೂ ಇಂಥ ಬೀಗ ಕಂಡಾಗ ನಾನು ಎರಡು ಸಲ ಯೋಚಿಸುತ್ತೇನೆ. ತಪ್ಪು ಗೊತ್ತಾದ ಮೇಲೆ ಸರಿಪಡಿಸಲು ದಾರಿ ಇರಲೇಬೇಕು.

ಹಂತ 4: ಯಾರ ದುಡ್ಡು

ಮತದಾರರು ಹೇಗೆ ನಿರ್ಧರಿಸುತ್ತಾರೆ ಎಂಬುದರ ಬಗ್ಗೆ ರಾಜ್ಯಶಾಸ್ತ್ರಜ್ಞರು ಮತ್ತೆ ಮತ್ತೆ ಉಲ್ಲೇಖಿಸುವ ಅಧ್ಯಯನವೊಂದು 1988ರ ಕ್ಯಾಲಿಫೋರ್ನಿಯಾ ಚುನಾವಣೆಯದ್ದು. ಆ ನವೆಂಬರ್‌ನಲ್ಲಿ ವಿಮೆಯ ಬಗ್ಗೆಯೇ ಐದು ಪ್ರಾಪ್‌ಗಳಿದ್ದವು, ಒಂದಕ್ಕೊಂದು ತದ್ವಿರುದ್ಧ, ಒಂದೊಂದೂ ಜಟಿಲ. ಲಾಸ್ ಏಂಜಲೀಸ್ ಕೌಂಟಿಯ ಮತದಾರರನ್ನು ಆರ್ಥರ್ ಲೂಪಿಯಾ ಎಂಬ ವಿದ್ವಾಂಸರು ಪ್ರಶ್ನಿಸಿದರು. ಪ್ರಾಪ್‌ಗಳ ವಿವರ ಹೆಚ್ಚು ಗೊತ್ತಿಲ್ಲದಿದ್ದರೂ ವಿಮಾ ಕಂಪನಿಗಳು ಯಾವುದರ ಪರ ಎಂದು ತಿಳಿದಿದ್ದವರು, ಎಲ್ಲವನ್ನೂ ಓದಿದ್ದವರ ಹಾಗೆಯೇ ಮತ ಹಾಕಿದ್ದರು. ಯಾರು ಬೆನ್ನಿಗೆ ನಿಂತಿದ್ದಾರೆ ಎಂಬ ಒಂದು ಸುಳಿವು ನೂರು ಪುಟದ ಕೆಲಸ ಮಾಡಿತ್ತು.

ಆ ಐದರಲ್ಲಿ ಗೆದ್ದದ್ದು ಗ್ರಾಹಕ ಹಕ್ಕುಗಳ ಹೋರಾಟಗಾರ ರಾಲ್ಫ್ ನೇಡರ್ ಬೆಂಬಲಿಸಿದ್ದ ಪ್ರಾಪ್ 103 ಒಂದೇ. ವಿಮಾ ಕಂಪನಿಗಳು ಕೋಟಿಗಟ್ಟಲೆ ಡಾಲರ್ ಸುರಿದರೂ ಸೋತವು. ವಿಮೆಯ ದರ ಏರಿಸಲು ಚುನಾಯಿತ ವಿಮಾ ಆಯುಕ್ತರ ಮುಂಗಡ ಒಪ್ಪಿಗೆ ಬೇಕು ಎಂಬ ನಿಯಮ ಅದರಿಂದಲೇ ಬಂತು. ಇಂದು ಕಾಳ್ಗಿಚ್ಚಿನ ಭಯದಿಂದ ಮನೆಯ ವಿಮೆ ಸಿಗದೆ ಪರದಾಡುವವರು ನಡೆಸುತ್ತಿರುವ ವಾದವಿವಾದದಲ್ಲೂ ಆ ಪ್ರಾಪ್ 103 ಇದೆ. ಮೂರೂವರೆ ದಶಕದ ಹಿಂದಿನ ಮತ ಇಂದಿನ ವಿಮಾ ರಸೀದಿಯಲ್ಲಿ ಮಾತನಾಡುತ್ತಿದೆ.

ದುಡ್ಡಿನ ಜಾಡು ಹಿಡಿಯುವುದು ಕಷ್ಟವಲ್ಲ. ಜಾಹೀರಾತುಗಳಲ್ಲಿ ದೊಡ್ಡ ದಾನಿಗಳಲ್ಲಿ ಮೊದಲ ಮೂವರ ಹೆಸರು ತೋರಿಸಬೇಕೆಂದು ಕಾನೂನಿದೆ. ಪ್ರತಿ ಪ್ರಾಪ್‌ನ ಪರ-ವಿರೋಧ ಹತ್ತು ದೊಡ್ಡ ದಾನಿಗಳ ಪಟ್ಟಿಯನ್ನು ರಾಜ್ಯವೇ ಅಂತರ್ಜಾಲದಲ್ಲಿ ಹಾಕುತ್ತದೆ. ಸಮಿತಿಯ ಹೆಸರನ್ನು ನಂಬಬೇಡಿ. ‘ಮಕ್ಕಳು’, ‘ಸುರಕ್ಷತೆ’, ‘ನ್ಯಾಯ’ ಎಂಬ ಪದಗಳು ಎಲ್ಲ ಸಮಿತಿಗಳಿಗೂ ಪ್ರಿಯ. 2022ರಲ್ಲಿ ಆನ್‌ಲೈನ್ ಬೆಟ್ಟಿಂಗ್‌ಗೆ ಅನುಮತಿ ಕೇಳಿದ ಪ್ರಾಪ್ 27ರ ಜಾಹೀರಾತುಗಳು ಬೆಟ್ಟಿಂಗ್ ಬಿಟ್ಟು ಮನೆಯಿಲ್ಲದವರ ಕಷ್ಟದ ಬಗ್ಗೆ ಮಾತನಾಡುತ್ತಿದ್ದವು, ಏಕೆಂದರೆ ತೆರಿಗೆಯ ಪಾಲು ಅಲ್ಲಿಗೆ ಹೋಗಲಿತ್ತು. ಹಣ ಹಾಕಿದ್ದು ಬೆಟ್ಟಿಂಗ್ ಕಂಪನಿಗಳು. ಶೇ. 80ಕ್ಕೂ ಹೆಚ್ಚು ಜನ ‘ಇಲ್ಲ’ ಎಂದರು.

ಹಾಗೆಂದು ದುಡ್ಡು ಹಾಕಿದವರು ಯಾವಾಗಲೂ ಕೆಟ್ಟವರು ಎಂದಲ್ಲ. ಶಿಕ್ಷಕರ ಸಂಘ, ದಾದಿಯರ ಸಂಘ, ಮನೆ ಕಟ್ಟುವವರ ಸಂಘ, ಎಲ್ಲರಿಗೂ ತಮ್ಮ ಹಿತ ಇರುತ್ತದೆ. ಅವರ ಹಿತ ಎಲ್ಲಿ ನಿಮ್ಮ ಹಿತಕ್ಕೆ ಕೂಡುತ್ತದೆ, ಎಲ್ಲಿ ಬೇರೆಯಾಗುತ್ತದೆ ಎಂದು ನೋಡುವುದಕ್ಕೆ ಈ ಮಾಹಿತಿ.

ಹಂತ 5: ಖರ್ಚನ್ನು ಒಟ್ಟು ಮಾಡಿ ನೋಡಿ

ಬಾಂಡ್ ಎಂದರೆ ಸಾಲ. ಮನೆ ಸಾಲದ ಹಾಗೆ, ಅಸಲಿನ ಜೊತೆಗೆ ಬಡ್ಡಿಯೂ ಇರುತ್ತದೆ. 2024ರಲ್ಲಿ ಶಾಲಾ ಕಟ್ಟಡಗಳಿಗೆ 10 ಬಿಲಿಯನ್ ಡಾಲರ್ ಎತ್ತುವ ಪ್ರಾಪ್ 2 ಗೆದ್ದಿತು. ಅನಲಿಸ್ಟ್‌ನ ಅಂದಾಜು: ವರ್ಷಕ್ಕೆ ಸುಮಾರು 50 ಕೋಟಿ ಡಾಲರಿನಂತೆ 35 ವರ್ಷ ಮರುಪಾವತಿ. ಗುಣಿಸಿದರೆ 1,750 ಕೋಟಿ, ಅಂದರೆ 17.5 ಬಿಲಿಯನ್. ಸಾಲವೇ ತಪ್ಪೆಂದು ನಾನು ಹೇಳುವುದಿಲ್ಲ, ಮೂವತ್ತು ವರ್ಷ ನಿಲ್ಲುವ ಶಾಲೆಗೆ ಮೂವತ್ತು ವರ್ಷದ ಸಾಲ ನ್ಯಾಯವೇ. ಆದರೆ ಒಟ್ಟು ಮೊತ್ತ ಹಾಳೆಯ ಮೇಲೆ ಇರಲಿ.

ತೆರಿಗೆ ಪ್ರಾಪ್‌ಗಳಲ್ಲಿ ಯಾರು ಕೊಡುತ್ತಾರೆ, ಎಷ್ಟು ವರ್ಷ ಕೊಡುತ್ತಾರೆ, ಹಣ ಎಲ್ಲಿ ಕೂಡಿಡಲಾಗುತ್ತದೆ ಎಂದು ನೋಡಿ. ಹಣವೇ ಇಲ್ಲದೆ ಕೆಲಸ ಹೇಳುವ ಪ್ರಾಪ್‌ಗಳ ಮೇಲೂ ಕಣ್ಣಿಡಿ: 2024ರ ಪ್ರಾಪ್ 36 ಮಾದಕ ವ್ಯಸನಿಗಳಿಗೆ ಚಿಕಿತ್ಸೆಯ ದಾರಿಯನ್ನು ಸೇರಿಸಿತು, ಅದಕ್ಕೆ ಹೊಸ ಹಣವನ್ನು ಮಾತ್ರ ಸೇರಿಸಲಿಲ್ಲ.

ಹಂತ 6: ಇಪ್ಪತ್ತು ವರ್ಷದ ನಂತರ ಯಾರ ಮೇಲೆ ಬೀಳುತ್ತದೆ

ಮನೆ ಕೊಂಡ ಪ್ರತಿಯೊಬ್ಬ ಕನ್ನಡಿಗನೂ ಪ್ರಾಪ್ 13 ಅನ್ನು ಬಲ್ಲ. 1978ರ ಜೂನ್ 6ರಂದು ಸುಮಾರು ಶೇ. 65ರಷ್ಟು ಮತದಿಂದ ಗೆದ್ದ ಅದು ಆಸ್ತಿ ತೆರಿಗೆಯ ಮೂಲ ದರವನ್ನು ಶೇ. 1ಕ್ಕೆ ಇಳಿಸಿ, ತೆರಿಗೆಗೆ ಲೆಕ್ಕ ಹಿಡಿಯುವ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರದಂತೆ ಮಾಡಿತು. ಮನೆ ಮಾರಾಟವಾದಾಗ ಮೌಲ್ಯ ಮಾರುಕಟ್ಟೆಯ ಬೆಲೆಗೆ ಏರುತ್ತದೆ. ಆಗಿನ ಕಷ್ಟ ನಿಜವಾದದ್ದು: ಮನೆಗಳ ಬೆಲೆ ಗಗನಕ್ಕೇರಿ ನಿವೃತ್ತರು ತೆರಿಗೆ ಕಟ್ಟಲಾಗದೆ ಮನೆ ಕಳೆದುಕೊಳ್ಳುವ ಭಯದಲ್ಲಿದ್ದರು. ಇಂದಿನ ಪರಿಣಾಮವೂ ನಿಜವಾದದ್ದು: ಒಂದೇ ಬೀದಿಯ ಒಂದೇ ಅಳತೆಯ ಎರಡು ಮನೆಗಳಲ್ಲಿ, ಎಪ್ಪತ್ತರ ದಶಕದಿಂದ ಇರುವವರು ಕಟ್ಟುವುದು ಮೊನ್ನೆ ಕೊಂಡವರು ಕಟ್ಟುವುದರ ಒಂದು ಸಣ್ಣ ಪಾಲು. ಅಂದು ಮತ ಹಾಕಿದವರ ಎದುರು ಅಂದಿನ ನೆರೆಹೊರೆಯವರು ಇದ್ದರು. ಇಂದು ಹೊಸ ಮನೆ ಕೊಳ್ಳುವ ಎಂಜಿನಿಯರ್ ದಂಪತಿ ಆಗ ಈ ದೇಶದಲ್ಲೇ ಇರಲಿಲ್ಲ. ವಾಣಿಜ್ಯ ಕಟ್ಟಡಗಳನ್ನು ಇದರಿಂದ ಹೊರತರಲು 2020ರ ಪ್ರಾಪ್ 15 ಪ್ರಯತ್ನಿಸಿತು, ಶೇ. 52 ‘ಇಲ್ಲ’ ಮತಗಳಿಂದ ಸೋತಿತು.

ಹಾಗೆಯೇ, ಗೆದ್ದ ಪ್ರಾಪ್ ನ್ಯಾಯಾಲಯದಲ್ಲಿ ಬೀಳಲೂಬಹುದು. ದಾಖಲೆಯಿಲ್ಲದ ವಲಸಿಗರಿಗೆ ಶಾಲೆ, ಆಸ್ಪತ್ರೆಗಳ ಸೇವೆ ನಿಲ್ಲಿಸುವ 1994ರ ಪ್ರಾಪ್ 187 ಗೆದ್ದರೂ ಫೆಡರಲ್ ನ್ಯಾಯಾಲಯ ತಡೆಯಿತು. 2008ರ ಪ್ರಾಪ್ 8 ಸಲಿಂಗ ಮದುವೆಯನ್ನು ನಿಷೇಧಿಸಿ ಶೇ. 52ರಲ್ಲಿ ಗೆದ್ದಿತು, 2013ರ ಹೊತ್ತಿಗೆ ಜಾರಿಯಲ್ಲಿರಲಿಲ್ಲ, ಆದರೆ ಅದರ ಸಾಲು ರಾಜ್ಯದ ಸಂವಿಧಾನದಲ್ಲಿ ಉಳಿದೇ ಇತ್ತು. 2024ರ ಪ್ರಾಪ್ 3 ಬಂದು ಅದನ್ನು ಅಳಿಸಿತು.

ಹಂತ 7: ಮನೆಯಲ್ಲಿ ಒಮ್ಮತವಿಲ್ಲದ ಪ್ರಾಪ್

ಕೆಲವು ವಿಷಯಗಳಲ್ಲಿ ಎಷ್ಟು ಓದಿದರೂ ಜಗಳ ಮುಗಿಯುವುದಿಲ್ಲ. 2020ರ ಪ್ರಾಪ್ 16 ಭಾರತೀಯ ಕುಟುಂಬಗಳಲ್ಲಿ ಅಂಥ ಬಿಸಿ ಎಬ್ಬಿಸಿತ್ತು. ಸರ್ಕಾರಿ ಉದ್ಯೋಗ, ಗುತ್ತಿಗೆ ಮತ್ತು ವಿಶ್ವವಿದ್ಯಾಲಯಗಳ ಪ್ರವೇಶದಲ್ಲಿ ಜನಾಂಗ, ಲಿಂಗಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂದು 1996ರ ಪ್ರಾಪ್ 209 ಹೇಳಿತ್ತು. ಪ್ರಾಪ್ 16 ಅದನ್ನು ತೆಗೆದುಹಾಕಬೇಕು ಎಂದಿತು. ಬರ್ಕ್ಲಿ ವಿಶ್ವವಿದ್ಯಾಲಯದ ಸೀಟಿನ ಕನಸು ಕಾಣುವ ಮಗಳಿರುವ ಅಪ್ಪನಿಗೂ, ಮೀಸಲಾತಿಯಿಂದಲೇ ಓದಿ ಮೇಲೆ ಬಂದ ಇನ್ನೊಬ್ಬ ಕನ್ನಡಿಗನಿಗೂ ಅದು ಬೇರೆ ಬೇರೆಯಾಗಿ ಕಾಣುತ್ತಿತ್ತು. ಅದು ಶೇ. 57 ‘ಇಲ್ಲ’ದಿಂದ ಬಿದ್ದಿತು.

ಇಂಥಲ್ಲಿ ಜಗಳವನ್ನು ಎರಡಾಗಿ ಸೀಳಿ. ಒಂದು ಭಾಗ ಮೌಲ್ಯದ್ದು: ಯಾವುದು ನ್ಯಾಯ? ಇದಕ್ಕೆ ಅಂಕಿಅಂಶ ಉತ್ತರ ಕೊಡುವುದಿಲ್ಲ, ನಿಮ್ಮ ಮನಸ್ಸಾಕ್ಷಿಯೇ ಕೊಡಬೇಕು. ಇನ್ನೊಂದು ಭಾಗ ಪರಿಣಾಮದ್ದು: ಈ ಪಠ್ಯ ಜಾರಿಯಾದರೆ ನಿಜಕ್ಕೂ ಏನಾಗುತ್ತದೆ? ಇದನ್ನು ಓದಿ, ಕೇಳಿ ತಿಳಿಯಬಹುದು. ಊಟದ ಮೇಜಿನಲ್ಲಿ ಇವೆರಡೂ ಬೆರೆತುಹೋದಾಗಲೇ ಮಾತು ಕೆಡುವುದು. ಆಮೇಲೆ ನಿಮ್ಮ ವಿರುದ್ಧದ ಪಕ್ಷದ ಅತ್ಯುತ್ತಮ ವಾದವನ್ನು ಎರಡು ವಾಕ್ಯದಲ್ಲಿ ಬರೆದು, ಆ ಪಕ್ಷದವರಿಗೆ ಓದಿ ಹೇಳಿ. ಅವರು ‘ಹೌದು, ಇದೇ ನಾನು ಹೇಳುವುದು’ ಎನ್ನುವ ತನಕ ತಿದ್ದಿ. ನಿಮ್ಮ ಮತ ಬದಲಾಗದಿರಬಹುದು, ಆದರೆ ಯಾವುದಕ್ಕೆ ಮತ ಹಾಕಿದಿರಿ ಎಂಬುದು ನಿಮಗೆ ಗೊತ್ತಿರುತ್ತದೆ.

ಇಷ್ಟಾದರೂ ತೀರ್ಮಾನಕ್ಕೆ ಬರಲಾಗದಿದ್ದರೆ? ಗೊಂದಲದಲ್ಲಿರುವ ಮತದಾರರು ‘ಇಲ್ಲ’ದ ಕಡೆ ವಾಲುವುದನ್ನು ಅಧ್ಯಯನ ಮಾಡಿದವರು ಬಹುಕಾಲದಿಂದ ಗಮನಿಸಿದ್ದಾರೆ, ಪ್ರಚಾರಕರಿಗೂ ಗೊತ್ತು. ಅದಕ್ಕೇ ವಿರೋಧಿ ಜಾಹೀರಾತುಗಳು ಹಲವು ಸಲ ಸಂಶಯ ಬಿತ್ತಿ ಸುಮ್ಮನಾಗುತ್ತವೆ. ಇಂದಿನ ಕಾನೂನು ಪರವಾಗಿಲ್ಲ ಎನಿಸಿದರೆ ‘ಇಲ್ಲ’ ಎನ್ನುವುದು ಜಾಣತನ. ಇಂದಿನ ಕಾನೂನೇ ಯಾರಿಗೋ ನೋವು ಕೊಡುತ್ತಿದೆ ಎಂದು ಗೊತ್ತಿದ್ದೂ ಬರೀ ಗೊಂದಲದಿಂದ ‘ಇಲ್ಲ’ ಎಂದರೆ, ಆ ನೋವನ್ನು ಮುಂದುವರಿಸುವ ಮತವೂ ಅದೇ.

ಹಂತ 8: ಮತಪತ್ರ ತುಂಬುವುದು, ಕಳಿಸುವುದು

ಕ್ಯಾಲಿಫೋರ್ನಿಯಾದಲ್ಲಿ ಸಕ್ರಿಯ ನೋಂದಣಿಯಿರುವ ಎಲ್ಲ ಮತದಾರರ ಮನೆಗೂ ಮತಪತ್ರ ಅಂಚೆಯಲ್ಲಿ ಬರುತ್ತದೆ. ಹಾಳೆ ಪಕ್ಕದಲ್ಲಿಟ್ಟುಕೊಂಡು ನಿಧಾನವಾಗಿ ತುಂಬಿ. ಒಂದು ಪ್ರಾಪ್ ಖಾಲಿ ಬಿಟ್ಟರೂ ಉಳಿದ ಮತಗಳು ಎಣಿಕೆಯಾಗುತ್ತವೆ. ಮತದಾನದ ದಿನದೊಳಗೆ ಅಂಚೆ ಮುದ್ರೆ ಬಿದ್ದಿರಬೇಕು. ಕೊನೆಯ ದಿನ ಎಂದರೆ ಅಂಚೆ ಬಿಟ್ಟು ಅಧಿಕೃತ ಡ್ರಾಪ್ ಬಾಕ್ಸ್‌ಗೆ ಹಾಕಿ.

ಲಕೋಟೆಯ ಮೇಲಿನ ಸಹಿಯನ್ನು ನಿಮ್ಮ ದಾಖಲೆಯ ಸಹಿಯೊಂದಿಗೆ ಹೋಲಿಸುತ್ತಾರೆ. ನಮ್ಮಲ್ಲಿ ಒಂದು ಕಡೆ ಕನ್ನಡದಲ್ಲಿ, ಇನ್ನೊಂದು ಕಡೆ ಇಂಗ್ಲಿಷಿನಲ್ಲಿ ಸಹಿ ಮಾಡುವ ಹಿರಿಯರು ಬಹಳ. ವಾಹನ ಪರವಾನಗಿಯಲ್ಲಿ ಹೇಗಿದೆಯೋ ಹಾಗೆಯೇ ಇಲ್ಲಿಯೂ ಮಾಡಿಸಿ. ಹೊಂದದಿದ್ದರೆ ಕೌಂಟಿ ಕಚೇರಿ ಪತ್ರ ಬರೆದು ಸರಿಪಡಿಸಲು ಅವಕಾಶ ಕೊಡುತ್ತದೆ. ಆ ಪತ್ರವನ್ನು ಜಾಹೀರಾತೆಂದು ಎಸೆಯಬೇಡಿ.

ರಾಜ್ಯದ ವೋಟರ್ ಗೈಡ್ ಹಿಂದಿಯಲ್ಲಿ ಸಿಗುತ್ತದೆ, ಕನ್ನಡದಲ್ಲಿ ಇಲ್ಲ. ಇಂಗ್ಲಿಷ್ ಓದಲು ಕಷ್ಟವಾಗುವ ತಂದೆತಾಯಿಗೆ ಮತಗಟ್ಟೆಯಲ್ಲಿ ತಮಗೆ ಬೇಕಾದವರ ಸಹಾಯ ಪಡೆಯುವ ಹಕ್ಕನ್ನು ಫೆಡರಲ್ ಕಾನೂನು ಕೊಟ್ಟಿದೆ. ಉದ್ಯೋಗದಾತ, ಕಾರ್ಮಿಕ ಸಂಘದ ಪ್ರತಿನಿಧಿ ಮಾತ್ರ ಆಗುವುದಿಲ್ಲ. ಮಗ ಅಥವಾ ಸೊಸೆ ಕನ್ನಡದಲ್ಲಿ ವಿವರಿಸಬಹುದು. ವಿವರಿಸುವವರಿಗೆ ನನ್ನ ಕೋರಿಕೆ: ಮೂರು ಸಾಲಿನ ಹಾಳೆಯನ್ನು ಕನ್ನಡದಲ್ಲಿ ಬರೆದು ಅಮ್ಮನ ಕೈಗೆ ಕೊಡಿ, ‘ಇಲ್ಲಿ ಹೌದು ಹಾಕಮ್ಮ’ ಎಂದು ಮಾತ್ರ ಹೇಳಬೇಡಿ. ಅದು ಅವರ ಮತ.

ಬೇರೆ ರಾಜ್ಯಗಳಲ್ಲಿರುವವರಿಗೆ

ಹಾಳೆಯ ವಿಧಾನ ಎಲ್ಲ ಕಡೆಯೂ ನಡೆಯುತ್ತದೆ, ನಿಯಮಗಳು ಮಾತ್ರ ಬೇರೆ. ಟೆಕ್ಸಸ್, ನ್ಯೂಜೆರ್ಸಿಗಳಲ್ಲಿ ಜನರು ಸಹಿ ಸಂಗ್ರಹಿಸಿ ರಾಜ್ಯದ ಕಾನೂನು ತರುವಂತಿಲ್ಲ. ಶಾಸನಸಭೆ ಕಳಿಸಿದ ತಿದ್ದುಪಡಿಗಳ ಮೇಲೆ ಮತ ಹಾಕುತ್ತಾರೆ. ವಾಷಿಂಗ್ಟನ್ ರಾಜ್ಯದಲ್ಲಿ ಜನರು ಕಾನೂನು ತರಬಹುದು, ಸಂವಿಧಾನ ತಿದ್ದುವಂತಿಲ್ಲ. ಫ್ಲಾರಿಡಾದಲ್ಲಿ ತಿದ್ದುಪಡಿಗೆ ಶೇ. 60 ಬೇಕು, ಗರ್ಭಪಾತದ ಹಕ್ಕಿನ 2024ರ ತಿದ್ದುಪಡಿ ಶೇ. 57 ಪಡೆದೂ ಬಿದ್ದಿತು. ಕಾನ್ಸಾಸ್‌ನಲ್ಲಿ 2022ರ ಆಗಸ್ಟ್‌ನಲ್ಲಿ ಗರ್ಭಪಾತದ ಹಕ್ಕು ಉಳಿಯಬೇಕೆನ್ನುವವರು ‘ಇಲ್ಲ’ ಎನ್ನಬೇಕಿತ್ತು, ಶೇ. 59ರಷ್ಟು ಜನ ಹಾಗೆಯೇ ಎಂದರು.

ಮತ ಹಾಕಿದ ಮೇಲೆ

ಅಂಚೆಯ ಮತಪತ್ರಗಳ ಎಣಿಕೆ ವಾರಗಟ್ಟಲೆ ನಡೆಯುತ್ತದೆ, ಬಿಗಿಯಾದ ಸ್ಪರ್ಧೆಗಳಲ್ಲಿ ಮೊದಲ ರಾತ್ರಿಯ ಅಂಕಿಗಳನ್ನು ನಂಬಬೇಡಿ. ಸೆಕ್ರೆಟರಿ ಆಫ್ ಸ್ಟೇಟ್ ಫಲಿತಾಂಶವನ್ನು ಪ್ರಮಾಣೀಕರಿಸಿದ ಐದನೆಯ ದಿನ, ಪಠ್ಯದಲ್ಲಿ ಬೇರೆ ದಿನಾಂಕ ಇಲ್ಲದಿದ್ದರೆ, ಗೆದ್ದ ಪ್ರಾಪ್ ಜಾರಿಗೆ ಬರುತ್ತದೆ. ಒಂದೇ ವಿಷಯದ ಎರಡು ಪ್ರಾಪ್‌ಗಳು ಗೆದ್ದು ಒಂದಕ್ಕೊಂದು ತಾಗಿದರೆ ಹೆಚ್ಚು ‘ಹೌದು’ ಪಡೆದದ್ದಕ್ಕೇ ಮೇಲುಗೈ.

ನಿಮ್ಮ ಹಾಳೆಗಳನ್ನು ಎಸೆಯದೆ ಒಂದು ಕಡತದಲ್ಲಿಡಿ. ಸೋತ ಪ್ರಾಪ್‌ಗಳು ಮತ್ತೆ ಬರುತ್ತವೆ: ಡಯಾಲಿಸಿಸ್ ಕೇಂದ್ರಗಳ ಪ್ರಾಪ್ 2018, 2020, 2022ರಲ್ಲಿ ಬಂದು ಮೂರು ಸಲವೂ ಬಿದ್ದಿತು. ಮುಂದಿನ ಬಾರಿ ಅದೇ ವಿಷಯ ಹೊಸ ಸಂಖ್ಯೆ ಹೊತ್ತು ಬಂದಾಗ, ಹಳೆಯ ಪಠ್ಯಕ್ಕೂ ಹೊಸದಕ್ಕೂ ಎಲ್ಲಿ ವ್ಯತ್ಯಾಸ, ಈ ಸಲ ಹಣ ಯಾರದ್ದು ಎಂದು ನೋಡಲು ಅರ್ಧ ಗಂಟೆ ಸಾಕಾಗುತ್ತದೆ.